ಹಳೆಯ ಜೆಟ್ ಬೋಟಿನೊಳಗೆ ನೀರು ಎಲ್ಲಿಂದ ಬರುತ್ತಿದೆ?

ಓದುಗರ ಪ್ರಶ್ನೆ: ನಾವು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನೆಲೆಸಿದ್ದೇವೆ. ಕಳೆದ ವರ್ಷ ಸುಮಾರು 30 ವರ್ಷ ಹಳೆಯದಾದ ಅಲ್ಯೂಮಿನಿಯಂ ಜೆಟ್ ಬೋಟ್ ಒಂದನ್ನು ಕೊಂಡೆವು. ವೈಮಾಕರಿರಿ ನದಿಯಲ್ಲಿ 3 ಗಂಟೆ ಓಡಾಡಿ ಬಂದು, ದೋಣಿಯನ್ನು ಟ್ರೇಲರ್ ಮೇಲೆ ಏರಿಸಿ ತಳದ ಬಿರಡೆ ಬಿಚ್ಚಿದರೆ ಪ್ರತಿ ಸಲವೂ ಸುಮಾರು 2 ಬಕೆಟ್ ನೀರು ಹೊರಬರುತ್ತದೆ. ಶಾಫ್ಟ್ ಸೀಲ್ (ಎಂಜಿನ್ನಿನಿಂದ ಪಂಪಿಗೆ ಹೋಗುವ ತಿರುಗುವ ದಂಡದ ಸುತ್ತ ನೀರು ತಡೆಯುವ ಭಾಗ) ಹೋಗಿದೆ ಎಂದು ಒಬ್ಬರು, ಒಳಗೆಲ್ಲ ಸೀಲೆಂಟ್ ಬಳಿದರೆ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸೀಲೆಂಟ್ ಟ್ಯೂಬನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸೀಲನ್ನು ಬಿಚ್ಚುವ ಕೆಲಸಕ್ಕೂ ಈಗಲೇ ಕೈ ಹಾಕಬೇಡಿ. ದೋಣಿಯಲ್ಲಿ ನೀರು ನಿಂತ ಜಾಗವೇ ನೀರು ಬಂದ ಜಾಗವಾಗಿರಬೇಕೆಂದಿಲ್ಲ. ಒಳತಳವು ಹಿಂದಕ್ಕೆ ಇಳಿಜಾರಾಗಿರುವುದರಿಂದ ಮುಂಭಾಗದಲ್ಲಿ ಜಿನುಗಿದ ನೀರೂ ಕೊನೆಗೆ ಜೆಟ್ ಘಟಕದ, ಅಂದರೆ ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸುವ ಪಂಪಿನ ಸುತ್ತಲೇ ಬಂದು ಸೇರುತ್ತದೆ, ನೋಡಿದವರೆಲ್ಲ ಶಾಫ್ಟ್ ಸೀಲನ್ನೇ ದೂರುತ್ತಾರೆ. ಹಾಗಾಗಿ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಮೊದಲು ಅದು ಯಾವಾಗ ಬರುತ್ತಿದೆ ಎಂಬುದನ್ನು ತಿಳಿಯಬೇಕು. ದೋಣಿ ಸುಮ್ಮನೆ ತೇಲುವಾಗಲೂ ಬರುತ್ತಿದೆಯೇ, ಎಂಜಿನ್ ಜೋರಾಗಿ ಓಡುವಾಗ ಮಾತ್ರ ಬರುತ್ತಿದೆಯೇ ಎಂಬುದು ಖಚಿತವಾದರೆ ಹುಡುಕಬೇಕಾದ ಜಾಗಗಳ ಪಟ್ಟಿ ಅಲ್ಲಿಗೇ ಅರ್ಧವಾಗುತ್ತದೆ.

ಮೊದಲು ನಿಮ್ಮ 2 ಬಕೆಟ್ ನೀರಿನ ಲೆಕ್ಕವನ್ನು ನೋಡೋಣ. ಬಕೆಟ್ಟಿಗೆ 10 ಲೀಟರ್ ಎಂದು ಹಿಡಿದರೆ 20 ಲೀಟರ್; 180 ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ ಸುಮಾರು 110 ಮಿಲಿಲೀಟರ್ ಆಗುತ್ತದೆ. ಹಳೆಯ ಬಗೆಯ ಶಾಫ್ಟ್ ಗ್ಲ್ಯಾಂಡ್ (ಶಾಫ್ಟಿನ ಸುತ್ತ ಹಗ್ಗ ಒತ್ತಿ ಕೂರಿಸಿದ ಸೀಲ್) ಓಡುವಾಗ ನಿಮಿಷಕ್ಕೆ ನಾಲ್ಕೈದು ಹನಿ ತೊಟ್ಟಿಕ್ಕುವುದು ಸಹಜ, ಅಷ್ಟು ತೊಟ್ಟಿಕ್ಕಲೇಬೇಕು ಕೂಡ. 20 ಹನಿಗೆ 1 ಮಿಲಿಲೀಟರ್ ಎಂದರೆ 3 ಗಂಟೆಯಲ್ಲಿ ಅದರಿಂದ ಬರುವ ನೀರು 45 ಮಿಲಿಲೀಟರ್, ಅಂದರೆ ಒಂದು ಸಣ್ಣ ಕಾಫಿ ಲೋಟವೂ ತುಂಬುವುದಿಲ್ಲ. ನಿಮ್ಮಲ್ಲಿ ಬರುತ್ತಿರುವುದು ಹನಿಯಲ್ಲ, ಧಾರೆ. ಧಾರೆಯಾಗಿ ಬರುವ ನೀರು ಕಣ್ಣಿಗೆ ಕಾಣುವಂಥದ್ದು, ಹಾಗಾಗಿ ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯವಿರಲಿ. ಟ್ರೇಲರ್ ಮೇಲೆ ಹೊದಿಕೆಯಿಲ್ಲದೆ ನಿಂತಾಗ ಸೇರಿದ ಮಳೆನೀರು, ದೋಣಿ ಹತ್ತಿ ಇಳಿಯುವಾಗ ಕಾಲಿನೊಂದಿಗೆ ಬಂದ ನೀರು, ಮುಂಭಾಗದಿಂದ ಎರಚಿದ ನೀರು ಇವುಗಳನ್ನು ಲೆಕ್ಕದಿಂದ ಕಳೆಯಲು ಮರೆಯಬೇಡಿ. ಹೊರಡುವ ಮುನ್ನ ಒಳತಳವನ್ನು ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ಜೆಟ್ ಬೋಟಿನ ಸೋರಿಕೆ ಉಳಿದ ದೋಣಿಗಳ ಸೋರಿಕೆಗಿಂತ ಏಕೆ ಬೇರೆ ಎಂಬುದಕ್ಕೆ ಅದರ ಹುಟ್ಟಿನಲ್ಲೇ ಕಾರಣವಿದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನದಿಗಳು ಜಲ್ಲಿಯ ಹರವಿನ ಮೇಲೆ ಹತ್ತಾರು ಕವಲುಗಳಾಗಿ, ಕೆಲವೆಡೆ ಪಾದ ಮುಳುಗುವಷ್ಟೇ ಆಳದಲ್ಲಿ ಹರಿಯುತ್ತವೆ. ತಳದ ಕೆಳಗೆ ತಿರುಗುವ ಪ್ರೊಪೆಲ್ಲರ್ ಅಲ್ಲಿ ಉಳಿಯುವುದಿಲ್ಲ. ಮೆಕೆಂಜಿ ಪ್ರದೇಶದ ಐರಿಷ್‌ಮನ್ ಕ್ರೀಕ್ ಎಂಬ ಕುರಿ ಸಾಕಣೆಯ ಜಮೀನಿನಲ್ಲಿದ್ದ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಪ್ರೊಪೆಲ್ಲರನ್ನು ತೆಗೆದು, ದೋಣಿಯೊಳಗೇ ಪಂಪ್ ಕೂರಿಸಿ, ನೀರನ್ನು ಹಿಂಬದಿಯಿಂದ ನೀರಿನ ಮಟ್ಟಕ್ಕಿಂತ ಮೇಲೆ ಚಿಮ್ಮಿಸುವ ವಿಧಾನವನ್ನು ರೂಪಿಸಿದರು. 1960ರಲ್ಲಿ ಅವರ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲೊರಾಡೊ ನದಿಯನ್ನು ಪ್ರವಾಹಕ್ಕೆ ಎದುರಾಗಿ ಏರಿ ಬಂದವು. ಈ ಏರ್ಪಾಡು ಅದ್ಭುತವಾದದ್ದು. ಆದರೆ ಇದರಲ್ಲಿ ನದಿಯೇ ದೋಣಿಯ ಒಡಲಿನೊಳಗೆ ಹಾದು ಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಒಳಗೆ ಹಾದು ಹೋಗುವ ಆ ನೀರನ್ನು ತಡೆದು ನಿಲ್ಲಿಸಿರುವುದು ಕೆಲವು ಗ್ಯಾಸ್ಕೆಟ್‌ಗಳು, ರಬ್ಬರ್ ಉಂಗುರಗಳು ಮತ್ತು ಒಂದು ಶಾಫ್ಟ್ ಸೀಲ್ ಮಾತ್ರ.

ಊರಿನ ತೋಟದ ಬಾವಿಯ ಪಂಪ್‌ಸೆಟ್ ನೋಡಿದವರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ. ಪಂಪಿನೊಳಗೆ ತಿರುಗಿ ನೀರು ತಳ್ಳುವ ಅಲಗುಗಳ ಚಕ್ರವೇ ಇಂಪೆಲ್ಲರ್. ಪಂಪಿಗೆ ಎರಡು ಮಗ್ಗುಲು: ಇಂಪೆಲ್ಲರ್‌ಗೆ ಮೊದಲಿನದು ಹೀರುವ ಮಗ್ಗುಲು, ನಂತರದ್ದು ಒತ್ತಡದ ಮಗ್ಗುಲು. ಒತ್ತಡದ ಮಗ್ಗುಲಿನಲ್ಲಿ ಸಂದು ಬಿಟ್ಟರೆ ನೀರು ಪಿಚಕಾರಿಯಂತೆ ಹೊರಗೆ ಚಿಮ್ಮುತ್ತದೆ. ಹೀರುವ ಮಗ್ಗುಲಿನಲ್ಲಿ ಸಂದು ಬಿಟ್ಟರೆ ಪಂಪ್ ಓಡುವಾಗ ನೀರು ಹೊರಬಾರದೆ ಗಾಳಿ ಒಳಹೋಗುತ್ತದೆ. ಸಕ್ಷನ್ ಪೈಪು ಗಾಳಿ ಎಳೆದು ಪಂಪ್ ನೀರೆತ್ತುವುದನ್ನು ನಿಲ್ಲಿಸಿದಾಗ ರೈತರು ಪಡುವ ಪಾಡು ಇದೇ. ಜೆಟ್ ಬೋಟಿನಲ್ಲೂ ನಡೆಯುವುದು ಹೀಗೆಯೇ. ಶಾಫ್ಟ್ ಸೀಲ್ ಇರುವುದು ಸಾಮಾನ್ಯವಾಗಿ ಹೀರು ನಾಳದ ಮೇಲ್ಗೋಡೆಯಲ್ಲಿ, ಅಂದರೆ ಹೀರುವ ಮಗ್ಗುಲಿನಲ್ಲಿ. ಆದ್ದರಿಂದ ಸೀಲ್ ಸವೆದಿದ್ದರೆ ದೋಣಿ ಸುಮ್ಮನೆ ನಿಂತಾಗ ನೀರು ಒಳಬರುತ್ತದೆ, ನಿಂತಲ್ಲಿಂದ ಒಮ್ಮೆಲೇ ಥ್ರಾಟಲ್ ಒತ್ತಿದಾಗ ಅದೇ ಸಂದಿನಿಂದ ಗಾಳಿ ಒಳನುಗ್ಗಿ, ಎಂಜಿನ್ ಸುತ್ತು ಏರಿದರೂ ದೋಣಿ ಮುನ್ನುಗ್ಗದೆ ಜಾರಿದಂತಾಗುತ್ತದೆ. ಹೀರು ನಾಳದ ಬಾಯಿಯ ಜಾಲರಿಗೆ ಕಳೆ ಸಿಕ್ಕಿಕೊಂಡರೂ ಇಂಪೆಲ್ಲರ್ ಸವೆದರೂ ಇಂಥದೇ ಲಕ್ಷಣ ಕಾಣುತ್ತದೆಯಾದರೂ, ನಿಂತಾಗ ನೀರು ಮತ್ತು ಎಳೆಯುವಾಗ ಜಾರುವಿಕೆ ಎರಡೂ ಜೊತೆಗೂಡಿದ್ದರೆ ಸೀಲನ್ನು ಅನುಮಾನಿಸಲು ಗಟ್ಟಿ ಕಾರಣ ಸಿಕ್ಕಿತು ಎಂದೇ ಅರ್ಥ.

ಓಡುವಾಗ ಮಾತ್ರ ನೀರು ಬರುತ್ತಿದ್ದರೆ ದೃಷ್ಟಿಯನ್ನು ಒತ್ತಡದ ಮಗ್ಗುಲಿಗೆ ಹೊರಳಿಸಿ. ಹಳೆಯ ಜೆಟ್ ಬೋಟುಗಳಲ್ಲಿ ಬಹಳಷ್ಟಕ್ಕೆ ಎಂಜಿನ್ ತಂಪು ಮಾಡಲು ಬೇರೆ ಪಂಪ್ ಇರುವುದಿಲ್ಲ. ಇಂಪೆಲ್ಲರ್ ದಾಟಿದ ನೀರಿನಲ್ಲೇ ಒಂದು ಪಾಲನ್ನು ಹೋಸ್ ಪೈಪಿನ ಮೂಲಕ ಎಂಜಿನ್ನಿಗೆ ಕಳಿಸುತ್ತಾರೆ. ಥ್ರಾಟಲ್ ಏರಿದಷ್ಟೂ ಆ ಹೋಸಿನೊಳಗಿನ ಒತ್ತಡವೂ ಏರುತ್ತದೆ. ನನ್ನ ಹಿಂದಿನ ದೋಣಿಯಲ್ಲಿ ನಾನು ಎರಡು ಬೇಸಿಗೆಗಳಲ್ಲಿ ಎರಡು ಸಲ ಶಾಫ್ಟ್ ಸೀಲ್ ಬದಲಿಸಿದರೂ ನೀರು ನಿಲ್ಲಲಿಲ್ಲ. ತಪ್ಪಿದ್ದದ್ದು ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಹಿಂದೆ ಅವಿತಿದ್ದ ತಂಪು ನೀರಿನ ಹೋಸಿನಲ್ಲಿ: ಕ್ಲಿಪ್ಪಿನ ಅಂಚು ಕೊರೆದು ಮಾಡಿದ್ದ ಬೆರಳುಗುರಿನಷ್ಟು ಉದ್ದದ ಸೀಳು. ಎಂಜಿನ್ ನಿಧಾನವಾಗಿ ಓಡುವಾಗ ಅದು ಮುಚ್ಚಿಕೊಂಡಿರುತ್ತಿತ್ತು, ಒತ್ತಡ ಏರಿದಾಗ ಬಾಯಿ ತೆರೆದು ಚಿಮ್ಮುತ್ತಿತ್ತು. ದಡದಲ್ಲಿ ನಿಲ್ಲಿಸಿಕೊಂಡು ಎಷ್ಟು ನೋಡಿದರೂ ಅದು ಕಾಣುವಂತಿರಲಿಲ್ಲ.

ಅದನ್ನು ಕೊನೆಗೆ ಹಿಡಿದುಕೊಟ್ಟದ್ದು ಹಳೆಯ ಪತ್ರಿಕೆ. ಒಳತಳವನ್ನು ಒಣಗಿಸಿ, ಪ್ರತಿ ಹೋಸಿನ ಜೋಡಣೆಯ ಕೆಳಗೆ, ಶಾಫ್ಟ್ ಸೀಲಿನ ಕೆಳಗೆ, ಹಿಂಬದಿಯ ಗೋಡೆಯ ಬುಡದಲ್ಲಿ, ಕಲ್ಲು, ಕಳೆ ತೆಗೆಯಲು ಇಟ್ಟ ತಪಾಸಣಾ ಮುಚ್ಚಳದ ಸುತ್ತ ಪತ್ರಿಕೆಯ ತುಂಡುಗಳನ್ನು ಅಂಟಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಬರೆಯಿರಿ. ಸುತ್ತುವ ಶಾಫ್ಟಿಗೆ ಯಾವ ತುಂಡೂ ತಗುಲದಂತೆ ಭದ್ರಪಡಿಸಿ, ಎಂಜಿನ್ ಮುಚ್ಚಳ ಹಾಕಿ 5 ನಿಮಿಷ ಓಡಿಸಿ ಬಂದು, ಎಂಜಿನ್ ಆರಿಸಿ, ಕೀಲಿ ತೆಗೆದ ಮೇಲೆ ನೋಡಿ. 5 ನಿಮಿಷಕ್ಕಿಂತ ಹೆಚ್ಚು ಓಡಿಸಿದರೆ ಎಲ್ಲ ತುಂಡುಗಳೂ ನೆನೆದು ಪ್ರಯೋಜನವಿಲ್ಲದಂತಾಗುತ್ತದೆ. ಮುಚ್ಚಳ ತೆಗೆದಿಟ್ಟು, ಒಬ್ಬರು ದೋಣಿ ಓಡಿಸುತ್ತಿರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಬಗ್ಗಿ ನೋಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ತಿರುಗುವ ಶಾಫ್ಟಿಗೆ ಕೂದಲು, ತೋಳಿನ ಬಟ್ಟೆ ಸಿಕ್ಕಿಕೊಳ್ಳಲು ಅರೆಕ್ಷಣ ಸಾಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದದ್ದರಿಂದ ತಳದಲ್ಲೇ ಕೂತಿರುತ್ತದೆ. ಪ್ರತಿ ಸಲ ಎಂಜಿನ್ ಚಾಲೂ ಮಾಡುವ ಮುನ್ನ ಬ್ಲೋವರನ್ನು (ತಳದ ಆವಿಯನ್ನು ಹೊರದೂಡುವ ಫ್ಯಾನನ್ನು) ಕನಿಷ್ಠ 4 ನಿಮಿಷ ಓಡಿಸಿ, ಮೂಗಿನಿಂದಲೂ ಪರೀಕ್ಷಿಸಿಕೊಳ್ಳಿ.

ಆದರೆ ಇದಕ್ಕೂ ಮೊದಲು ಮಾಡಬೇಕಾದ ಪರೀಕ್ಷೆ ನಿಂತ ದೋಣಿಯದು. ಟ್ರೇಲರಿಗೆ ಪಟ್ಟಿಗಳಿಂದ ಬಿಗಿದಿರುವಂತೆಯೇ ದೋಣಿಯನ್ನು ಶಾಂತವಾದ ನೀರಿಗೆ ಇಳಿಸಿ, ಎಂಜಿನ್ ಹಚ್ಚದೆ ಅರ್ಧ ಗಂಟೆ ಬಿಡಿ. ಏನೂ ಬರದಿದ್ದರೆ ಪಟ್ಟಿ ಬಿಚ್ಚಿ ದೋಣಿಯನ್ನು ತೇಲಲು ಬಿಟ್ಟು, ಇಬ್ಬರನ್ನು ಹಿಂಬದಿಯಲ್ಲಿ ಕೂರಿಸಿ ಮತ್ತೆ ನೋಡಿ, ಏಕೆಂದರೆ ಹಿಂಭಾಗ ನಾಲ್ಕು ಬೆರಳು ಮುಳುಗಿದರೆ ಅದುವರೆಗೆ ನೀರಿನ ಮೇಲಿದ್ದ ತೂತುಗಳು ನೀರಿನಡಿಗೆ ಬರುತ್ತವೆ. ಸ್ಟಿಯರಿಂಗ್ ಮತ್ತು ರಿವರ್ಸ್ ಬಕೆಟ್ಟಿನ (ಹಿಂದಕ್ಕೆ ಚಲಿಸಲು ಚಿಮ್ಮುವ ನೀರನ್ನು ಮುಂದಕ್ಕೆ ತಿರುಗಿಸುವ ಮುಚ್ಚಳದ) ಕಡ್ಡಿಗಳು ಹಿಂಬದಿಯ ಗೋಡೆಯನ್ನು ದಾಟುವಲ್ಲಿರುವ ರಬ್ಬರ್ ತಿದಿಗಳು ಬಿಸಿಲಿಗೆ ಒಣಗಿ, ಮಡಿಕೆಗಳ ಒಳಗೆ ಸೀಳಿರುತ್ತವೆ. ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡದೆ ಆ ಸೀಳು ಕಾಣುವುದಿಲ್ಲ. ತಪಾಸಣಾ ಮುಚ್ಚಳದ ರಬ್ಬರ್ ಉಂಗುರ, ತಳದ ಬಿರಡೆಯ ವಾಷರ್ ಇವೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಇವು ಮೂರೂ ಹೆಚ್ಚು ಖರ್ಚಿನ ಬಾಬತ್ತಲ್ಲ, ಹಳೆಯದಾಗಿದ್ದರೆ ಬದಲಿಸಿಯೇ ಬಿಡಿ.

ನಿಂತಾಗಲೂ ನೀರು ಬರುತ್ತಿದ್ದು ಶಾಫ್ಟ್ ಸೀಲೂ ಈ ಜಾಗಗಳೂ ಎಲ್ಲ ಒಣಗಿದ್ದರೆ ತಳದ ಲೋಹದಲ್ಲೇ ಬಿರುಕಿದೆ ಎನ್ನಬಹುದು. ದೋಣಿಯನ್ನು ಟ್ರೇಲರ್ ಮೇಲೆ ಮಟ್ಟವಾಗಿ ನಿಲ್ಲಿಸಿ, ಒಳಗೆ ನಾಲ್ಕೈದು ಬೆರಳಿನಷ್ಟು ನೀರು ತುಂಬಿ, ಹೊರಗಿನಿಂದ ಎಲ್ಲಿ ಹನಿಯುತ್ತದೆ ಎಂದು ನೋಡಿ. ಅಡುಗೆಯ ಬಣ್ಣ ಸ್ವಲ್ಪ ಬೆರೆಸಿದರೆ ಕಲೆ ಸ್ಪಷ್ಟವಾಗಿ ಕಾಣುತ್ತದೆ. 100 ಲೀಟರ್ ನೀರೆಂದರೆ 100 ಕಿಲೋ ತೂಕ ಎಂಬುದು ನೆನಪಿರಲಿ. ಸ್ಟಾರ್ಟರ್ ಮೋಟಾರಿನ ಮಟ್ಟಕ್ಕೆ ನೀರು ಎಂದೂ ತಲುಪಕೂಡದು. ಹೀರು ನಾಳವನ್ನು ತಳಕ್ಕೆ ಬೆಸೆದಿರುವ ಅಂಚು, ಎಂಜಿನ್ ಕೂತ ಉದ್ದ ತೊಲೆಗಳ ಬುಡ, ಜಲ್ಲಿಗೆ ಉಜ್ಜಿ ಸವೆದ ನಡುಗೆರೆ ಇಲ್ಲಿ ಬಿರುಕು ಹೆಚ್ಚು. ರಿವೆಟ್ ಹೊಡೆದ ಹಳೆಯ ತಳವಾದರೆ ಸಡಿಲ ರಿವೆಟ್ಟಿನ ಸುತ್ತ ಕಪ್ಪು ಉಂಗುರ ಕಂಡೀತು. ಸ್ಟೇನ್‌ಲೆಸ್ ಬೋಲ್ಟ್ ಅಲ್ಯೂಮಿನಿಯಮ್ಮಿಗೆ ನೇರವಾಗಿ ತಗುಲಿದಲ್ಲಿ ಬಿಳಿ ಪುಡಿ ಎದ್ದಿದ್ದರೆ ಅದರ ಕೆಳಗೆ ಲೋಹ ಕರಗುತ್ತಿದೆ ಎಂದು ತಿಳಿಯಿರಿ.

ಸೀಲೆಂಟ್ ಮೊದಲೇ ಬೇಡ ಎಂದದ್ದು ಈ ಕಾರಣಕ್ಕೆ. ಬಿರುಕಿನೊಳಗೆ ಸಿಲಿಕೋನ್ ಇಳಿದರೆ ಬೆಸುಗೆಗಾರರು ಎಷ್ಟು ಉಜ್ಜಿದರೂ ಅದು ಪೂರ್ತಿ ಹೋಗುವುದಿಲ್ಲ, ಬೆಸುಗೆ ತೂತುತೂತಾಗಿ ಕೂರುತ್ತದೆ. ಬಿರುಕನ್ನು ಸರಿಯಾಗಿ ಮುಚ್ಚುವ ಕ್ರಮವೆಂದರೆ ಅದರ ಎರಡೂ ತುದಿಗಳಲ್ಲಿ ಸಣ್ಣ ತೂತು ಕೊರೆದು ಅದು ಮುಂದುವರಿಯದಂತೆ ತಡೆದು, ಅಂಚನ್ನು ಕೆರೆದು, ಲೋಹಕ್ಕೆ ಹೊಂದುವ ತಂತಿಯಿಂದ ಬೆಸೆಯುವುದು. ತಳದ ತಗಡು 5083 ದರ್ಜೆಯದಾದರೆ ಸಾಮಾನ್ಯವಾಗಿ 5356 ಅಥವಾ 5183 ತಂತಿ ಬಳಸುತ್ತಾರೆ. ಬ್ಯಾಟರಿ ಬಿಚ್ಚದೆ, ಪೆಟ್ರೋಲ್ ಟ್ಯಾಂಕ್ ಹೊರತೆಗೆದು ಆವಿ ಹೋಗಿಸದೆ ಬೆಸುಗೆಗೆ ಒಪ್ಪಬೇಡಿ. ಬೋಲ್ಟ್ ಹಾಕಿದ ಜೋಡಣೆಗಳಿಗೆ ಮಾತ್ರ ದೋಣಿಗೆಂದೇ ಮಾಡಿದ ಪಾಲಿಯುರೆಥೇನ್ ಸೀಲೆಂಟ್ ಸರಿ. ಅದೂ ಬಿಚ್ಚಿ, ಹಳೆಯದನ್ನು ಪೂರ್ತಿ ಕೆರೆದು ತೆಗೆದ ಮೇಲೆ. 3ಎಂ 5200ರಂಥ ಶಾಶ್ವತ ಅಂಟನ್ನು ಮುಂದೆ ಬಿಚ್ಚಬೇಕಾಗುವ ಜಾಗಕ್ಕೆ ಹಾಕಬೇಡಿ.

ಇನ್ನು ಸೀಲೇ ತಪ್ಪಿತಸ್ಥ ಎಂದು ಖಚಿತವಾದರೆ ನಿಮ್ಮದು ಯಾವ ಬಗೆ ಎಂದು ನೋಡಿ. ಗ್ಲ್ಯಾಂಡ್ ಹಗ್ಗದ ಬಗೆಯಾದರೆ ಮೊದಲು ನಟ್ಟುಗಳನ್ನು ಎರಡೂ ಕಡೆ ಸಮನಾಗಿ, ಸ್ವಲ್ಪ ಸ್ವಲ್ಪವೇ ಬಿಗಿದು ನೋಡಿ. ಹನಿ ಪೂರ್ತಿ ನಿಲ್ಲುವಷ್ಟು ಬಿಗಿದರೆ ಹಗ್ಗ ಸುಟ್ಟು ಶಾಫ್ಟಿನಲ್ಲಿ ಗೀರು ಬೀಳುತ್ತದೆ, ಆಮೇಲೆ ಯಾವ ಹೊಸ ಹಗ್ಗವೂ ನಿಲ್ಲುವುದಿಲ್ಲ. ಹೊಸ ಹಗ್ಗವನ್ನು ಒಂದೇ ಸುರುಳಿಯಾಗಿ ಸುತ್ತದೆ ಬಿಡಿಬಿಡಿ ಉಂಗುರಗಳಾಗಿ, ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಸಂದು ಇನ್ನೊಂದರ ಸಂದಿನ ನೇರಕ್ಕೆ ಬಾರದಂತೆ ಕೂರಿಸಬೇಕು. ಎರಡು ನುಣುಪು ಮುಖಗಳು ಒಂದಕ್ಕೊಂದು ಒತ್ತಿ ತಿರುಗುವ ಮೆಕ್ಯಾನಿಕಲ್ ಸೀಲ್ ಆದರೆ ಒಂದು ಹನಿಯೂ ಬರಬಾರದು. ಬಂದರೆ ಬಿಗಿಯುವ ಮಾತಿಲ್ಲ, ಬದಲಿಸಬೇಕು. ಅದರ ಮುಖಕ್ಕೆ ಬೆರಳು ತಾಗಿಸಬೇಡಿ, ನೀರಿಲ್ಲದೆ ಎಂಜಿನ್ ಓಡಿಸಬೇಡಿ. ಹೊಸ ಸೀಲ್ ಒಂದೇ ಬೇಸಿಗೆಯಲ್ಲಿ ಮತ್ತೆ ಹೋದರೆ ದೋಷ ಸೀಲಿನದಲ್ಲ. ಬೇರಿಂಗ್ ಸವೆದಿರಬೇಕು, ಕಲ್ಲು ತಗುಲಿ ಇಂಪೆಲ್ಲರಿನ ಅಲಗು ಮುರಿದು ತೂಕ ತಪ್ಪಿರಬೇಕು, ಇಲ್ಲವೇ ಎಂಜಿನ್ ಮತ್ತು ಜೆಟ್ ಒಂದೇ ಗೆರೆಯಲ್ಲಿಲ್ಲದಿರಬೇಕು.

ನಿಮ್ಮ ದೋಣಿಯ ಮಟ್ಟಿಗೆ ನಿಮಿಷಕ್ಕೆ 110 ಮಿಲಿಲೀಟರ್ ಎಂಬ ಅಂಕಿಯನ್ನು ನೋಡಿದರೆ ನನ್ನ ಅನುಮಾನ ಮೊದಲು ತಂಪು ನೀರಿನ ಹೋಸುಗಳ ಮೇಲೆ, ಆಮೇಲೆ ತಪಾಸಣಾ ಮುಚ್ಚಳದ ಉಂಗುರದ ಮೇಲೆ, ಸೀಲಿನ ಮೇಲೆ ಅವೆರಡರ ನಂತರವೇ. ನಿಂತ ದೋಣಿಯ ಪರೀಕ್ಷೆಯನ್ನು ಈ ಶನಿವಾರ, ಪತ್ರಿಕೆಯ ಪರೀಕ್ಷೆಯನ್ನು ಮರುದಿನ ಮಾಡಿ, ಯಾವ ಸಂಖ್ಯೆಯ ತುಂಡು ನೆನೆಯಿತು ಎಂದು ಬರೆದು ತಿಳಿಸಿ.