ಅಂಗಿಯ ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ?

ಕಾರ್ಖಾನೆಗಳ ತ್ಯಾಜ್ಯನೀರಿನ ಶುದ್ಧೀಕರಣ ನನ್ನ ವೃತ್ತಿಯಾದ್ದರಿಂದ, ನಾವು ವಿಚಾರಿಸಿ ನೋಡಿ ಸಾಮಾನು ಖರೀದಿಸಿದರೆ ಕಾರ್ಖಾನೆಗಳು ಸರಿಹೋಗುತ್ತವೆಯೇ ಎಂದು ಶಿವಮೊಗ್ಗದ ಪರಿಚಿತರು ಆಗಾಗ ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಹೌದು. ಆ ಮಟ್ಟ ಎಲ್ಲಿಗೆ ನಿಲ್ಲುತ್ತದೆ ಎಂಬುದು ಒಂದು ಹತ್ತಿ ಅಂಗಿಯಿಂದಲೇ ತಿಳಿಯುತ್ತದೆ.

ದುರ್ಗಿಗುಡಿಯ ಅಂಗಡಿಯಲ್ಲಿ ಸಿಗುವ ಗಾಢ ನೀಲಿ ಟೀ-ಶರ್ಟಿಗೆ ಸಾಮಾನ್ಯವಾಗಿ ರಿಯಾಕ್ಟಿವ್ ಬಣ್ಣ, ಎಂದರೆ ಹತ್ತಿಯ ಎಳೆಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ, ಹಾಕಿರುತ್ತಾರೆ. ಈ ಬಣ್ಣ ಹತ್ತಿಗೆ ಹಿಡಿಯಬೇಕಾದರೆ ತೊಟ್ಟಿಗೆ ಧಾರಾಳವಾಗಿ ಉಪ್ಪು ಸುರಿದು, ಆಮೇಲೆ ಸೋಡಾ ಬೆರೆಸಬೇಕು. ಅಷ್ಟಾದರೂ ಬಣ್ಣದ ಒಂದು ಪಾಲು ನೀರಿನಲ್ಲೇ ಉಳಿಯುತ್ತದೆ. ಬಣ್ಣವನ್ನಾದರೂ ತೆಗೆಯಬಹುದು, ಆದರೆ ಕರಗಿದ ಉಪ್ಪು ಸೂಕ್ಷ್ಮಜೀವಿಗಳನ್ನು ನಂಬಿದ ಸಾಮಾನ್ಯ ಶುದ್ಧೀಕರಣಕ್ಕೆ ಜಗ್ಗುವುದಿಲ್ಲ. ಅದಕ್ಕೆ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ರಿವರ್ಸ್ ಆಸ್ಮೋಸಿಸ್ ಬೇಕು, ಅದರಿಂದ ಹೊರಬರುವ ದಟ್ಟ ಉಪ್ಪುನೀರನ್ನು ಕುದಿಸಿ ಆವಿ ಮಾಡಬೇಕು, ಮತ್ತು ಆ ಇಂಧನದ ಖರ್ಚಿಗೇ ಮಾಲೀಕರು ಹಿಂಜರಿಯುತ್ತಾರೆ. ಖರ್ಚು ಮಾಡಿದವರ ಅಂಗಿ ಯಾವುದು, ಉಳಿಸಿಕೊಂಡವರ ಅಂಗಿ ಯಾವುದು ಎಂದು ಕಪಾಟಿನ ಮುಂದೆ ನಿಂತವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ತಮಿಳುನಾಡಿನ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳಿಂದ ನೊಯ್ಯಲ್ ನದಿ ಕೆಟ್ಟು, ಒರತುಪ್ಪಾಳಯಂ ಅಣೆಕಟ್ಟೆಯ ನೀರು ಹೊಲಕ್ಕೆ ಹಾಯಿಸಲು ಬಾರದಂತಾಯಿತು. ನದಿಯ ಕೆಳಭಾಗದ ರೈತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನು ಮುಚ್ಚಿಸಿದ ಮೇಲೆಯೇ, ತ್ಯಾಜ್ಯನೀರನ್ನು ಹೊರಗೆ ಬಿಡದ ವ್ಯವಸ್ಥೆ ಅಲ್ಲಿ ಗಟ್ಟಿಯಾಗಿ ಬೇರೂರಿದ್ದು. ವರ್ಷಗಟ್ಟಲೆ ಆ ಬಟ್ಟೆ ಕೊಂಡವರ ಆಯ್ಕೆಯಿಂದ ಆಗದ ಕೆಲಸ ಅದು.

ನಮ್ಮಲ್ಲೇ, ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಚರಕ ಸಂಸ್ಥೆಯ ಹೆಣ್ಣುಮಕ್ಕಳು ನೇಯುವ ಬಟ್ಟೆಗೆ ಅಡಿಕೆ ಬೇಯಿಸಿ ಉಳಿದ ಚೊಗರೂ ಬಣ್ಣವಾಗುತ್ತದೆ. ಅಲ್ಲಿ ಕೊಳ್ಳುವವರಿಗೆ ಬಣ್ಣ ಎಲ್ಲಿಂದ ಬಂತೆಂಬುದು ತಿಳಿದಿರುತ್ತದೆ, ಆದ್ದರಿಂದ ಅವರ ಆಯ್ಕೆಗೆ ನಿಜವಾದ ಬಲವಿದೆ. ನಾನು ಇದನ್ನು ಮನಸಾರೆ ಬೆಂಬಲಿಸುತ್ತೇನೆ, ಆದರೆ ಸಹಜ ಬಣ್ಣಕ್ಕೂ ನೀರು, ಸೌದೆ ಬೇಕು, ಮತ್ತು ಕೈಮಗ್ಗದಿಂದ ಇಡೀ ಜಿಲ್ಲೆಗೆ ಬಟ್ಟೆ ಒದಗಿಸಲು ಆಗುವುದಿಲ್ಲ.

ವಸ್ತುಗಳ ಮೇಲಿನ ಮುದ್ರೆಗಳಿಂದ ಸಿಗುವ ನೆರವೂ ಚಿಕ್ಕದು. ಪರಿಸರಕ್ಕೆ ಕಡಿಮೆ ಹಾನಿ ಮಾಡುವ ವಸ್ತುಗಳಿಗೆ ಹಾಕುವ ಇಕೋಮಾರ್ಕ್ ಮುದ್ರೆಯನ್ನು ಕೇಂದ್ರ ಸರ್ಕಾರ 1991ರಲ್ಲೇ ತಂದಿತು, 2024ರಲ್ಲಿ ಅದರ ನಿಯಮಗಳನ್ನು ಹೊಸದಾಗಿ ಬರೆಯಿತು; ಕಡ್ಡಾಯವಲ್ಲದ ಕಾರಣ ಅಂಗಡಿಗಳಲ್ಲಿ ಅದನ್ನು ಕಂಡವರು ವಿರಳ. 2006ರಲ್ಲಿ ಬಂದ ವಿದ್ಯುತ್ ನಕ್ಷತ್ರ ಮುದ್ರೆಯನ್ನಾದರೋ ಎಲ್ಲರೂ ನೋಡುತ್ತಾರೆ, ಏಕೆಂದರೆ ಫ್ರಿಜ್ಜಿನಂಥ ವಸ್ತುಗಳಿಗೆ ಅದು ಕಡ್ಡಾಯವಾಯಿತು ಮತ್ತು ಕೊಂಡವರ ಕರೆಂಟ್ ಬಿಲ್ಲಿಗೆ ನೇರ ಸಂಬಂಧಪಟ್ಟಿದೆ. ಆದರೆ ಅದು ಫ್ರಿಜ್ ಎಷ್ಟು ವಿದ್ಯುತ್ ಉಣ್ಣುತ್ತದೆ ಎಂದು ಹೇಳುತ್ತದೆಯೇ ಹೊರತು, ಅದನ್ನು ತಯಾರಿಸಿದ ಕಾರ್ಖಾನೆಯ ಚರಂಡಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾಗಿ ಒಬ್ಬೊಬ್ಬ ಗ್ರಾಹಕರಿಗಿಂತ ಸಗಟಾಗಿ ಕೊಳ್ಳುವವರ ಮೇಲೆ ನನಗೆ ಹೆಚ್ಚು ಭರವಸೆ. ಒಂದು ಶಾಲೆಯ ಆಡಳಿತ ಮಂಡಳಿ ಸಮವಸ್ತ್ರಕ್ಕೆ ದರಪಟ್ಟಿ ಕರೆಯುವಾಗ, ಬಟ್ಟೆಗೆ ಬಣ್ಣ ಹಾಕಿದ ಘಟಕದ ಹೆಸರನ್ನೂ, ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಚಾಲ್ತಿಯಲ್ಲಿರುವ ಸಮ್ಮತಿ ಪತ್ರದ ಪ್ರತಿಯನ್ನೂ ಕೇಳಬಹುದು. ಪತ್ರವಿದ್ದ ಮಾತ್ರಕ್ಕೆ ನೀರು ಶುದ್ಧವೆಂದಲ್ಲ. ಆದರೆ ಘಟಕದ ಹೆಸರು ಸಿಕ್ಕರೆ, ಮುಂದಿನ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂಬುದಾದರೂ ತಿಳಿಯುತ್ತದೆ.