ತರಕಾರಿ ಆರಿಸಿ ಪಕ್ಕಕ್ಕಿಡುವ ಮಗು: ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ: ನಾಲ್ಕು ವರ್ಷದ ಮಗಳು ತಟ್ಟೆಯಲ್ಲಿ ತರಕಾರಿ ಕಂಡರೆ ಸಾಕು, ಒಂದೊಂದೇ ಹೆಕ್ಕಿ ಅಂಚಿಗೆ ಸರಿಸುತ್ತಾಳೆ. ಗದರಿದ್ದಾಯಿತು, ಚಾಕೊಲೇಟಿನ ಆಸೆ ತೋರಿಸಿದ್ದಾಯಿತು. ಮನೆಮಂದಿಯೆಲ್ಲ ಸರಿಯಾಗಿ ಉಣ್ಣುವಂತಾಗಲು ಏನು ಮಾಡಬೇಕು?

ಉತ್ತರ: ಮೊದಲು ತಟ್ಟೆ ಬಿಟ್ಟು ಗಡಿಯಾರ ನೋಡಿ. ಊಟಕ್ಕೆ ಕೂರುವಾಗ ಹಸಿವೇ ಇಲ್ಲದ ಮಗುವಿನ ಮುಂದೆ ಯಾವ ಉಪಾಯವೂ ನಡೆಯದು. ಅರ್ಧ ಗಂಟೆ ಮುಂಚೆ ಕೈಗಿತ್ತ ಎರಡು ಬಿಸ್ಕತ್ತು, ಒಂದು ಲೋಟ ಹಾಲು ಸಾಕು, ಆ ಪುಟ್ಟ ಹೊಟ್ಟೆ ತುಂಬಿಬಿಡುತ್ತದೆ. ಒಂದು ಸಲ ತಿಂದ ಮೇಲೆ ಮತ್ತೆ ತಿನ್ನಲು ಎರಡೂವರೆಯಿಂದ ಮೂರು ಗಂಟೆ ಬಿಡುವಿರಲಿ, ನಡುವೆ ನೀರು ಮಾತ್ರ. ಹಾಲು ದಿನಕ್ಕೆ 500 ಮಿ.ಲೀ. ದಾಟದಿರಲಿ. ಅದು ಹೆಚ್ಚಾದಷ್ಟೂ ಊಟ ಹಿಂದೆ ಬೀಳುತ್ತದೆ. ಹಾಲಿನಲ್ಲಿ ಕಬ್ಬಿಣಾಂಶ ತೀರ ಕಡಿಮೆಯಾದ್ದರಿಂದ ರಕ್ತಹೀನತೆಗೂ ದಾರಿಯಾಗಬಹುದು.

ಇನ್ನು ತರಕಾರಿಯ ಮಾತು. ಎರಡರಿಂದ ಆರು ವರ್ಷದವರೆಗೆ ಹೊಸ ರುಚಿ ಕಂಡರೆ ಮಕ್ಕಳಿಗೆ ಅನುಮಾನ ಜಾಸ್ತಿ. ಕಹಿಯೂ ಅವರ ನಾಲಿಗೆಗೆ ನಮಗಿಂತ ಜೋರಾಗಿಯೇ ತಟ್ಟುತ್ತದೆ. ಹಾಗಾಗಿ ಇದನ್ನು ಹಟವೆಂದು ಬೈದು ಫಲವಿಲ್ಲ. ಒಂದು ತರಕಾರಿ ಒಗ್ಗಲು ಎಂಟರಿಂದ ಹದಿನೈದು ಸಲ ಎದುರಾಗಬೇಕಾಗಬಹುದು. ಬಹಳಷ್ಟು ಮನೆಗಳಲ್ಲಿ ನಾಲ್ಕನೆಯ ಸಲಕ್ಕೇ ‘ಇವಳಿಗೆ ಇದು ಸೇರಲ್ಲ’ ಎಂಬ ತೀರ್ಪು ಬಂದಿರುತ್ತದೆ! ಮುಟ್ಟಿದ್ದು, ಮೂಸಿದ್ದು, ನೆಕ್ಕಿದ್ದು, ಕಚ್ಚಿ ಉಗಿದದ್ದು ಎಲ್ಲವೂ ಮುಂದಿನ ಹೆಜ್ಜೆಯೇ.

ಒಂದೇ ತರಕಾರಿ ಹಿಡಿಯಿರಿ. ಕ್ಯಾರೆಟ್ ಸುಲಭ, ಸ್ವಲ್ಪ ಸಿಹಿ ಇರುತ್ತದೆ. ಮಗುವಿನ ಬೆರಳಿನಷ್ಟು ಉದ್ದಕ್ಕೆ ತೆಳ್ಳಗೆ ಸೀಳಿ, ಹಬೆಯಲ್ಲಿ ಆರೇಳು ನಿಮಿಷ ಬೇಯಿಸಿ. ಚಾಕುವಿನ ತುದಿ ಸಲೀಸಾಗಿ ಇಳಿಯಬೇಕು, ಎತ್ತಿದರೆ ತುಂಡು ಮುದುಡಬಾರದು. ಆಕೆ ಖಂಡಿತ ತಿನ್ನುವ ಪದಾರ್ಥದ ಪಕ್ಕ ಎರಡೇ ತುಂಡು ಇಡಿ. ರಾಶಿ ಹಾಕಿದರೆ ನೋಡಿಯೇ ಸೋಲುತ್ತಾಳೆ. ನೀವೂ ಅದನ್ನೇ ತಿನ್ನಿ, ಅದರ ಬಗ್ಗೆ ಮಾತು ಬೇಡ. ಅರ್ಧ ಗಂಟೆಯಾದ ಮೇಲೆ ಉಳಿದದ್ದನ್ನು ಸುಮ್ಮನೆ ತೆಗೆಯಿರಿ. ಬದಲಿಗೆ ಬೇರೇನೋ ಮಾಡಿಕೊಡಲು ಹೋಗಬೇಡಿ. ವಾರಕ್ಕೆ ಮೂರು ಸಲದಂತೆ ನಾಲ್ಕು ವಾರ ನಡೆಸಿದರೆ ಹನ್ನೆರಡು ಸಲವಾಯಿತು. ಹಸಿ ಕ್ಯಾರೆಟ್ ತುಂಡು, ಇಡೀ ದ್ರಾಕ್ಷಿ, ಗಟ್ಟಿ ಬೀಜಗಳು ಈ ವಯಸ್ಸಿಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಅಂದಹಾಗೆ ಹೂಕೋಸು, ಎಲೆಕೋಸು ಹೆಚ್ಚು ಬೆಂದರೆ ಗಂಧಕದ ವಾಸನೆ ಬಿಡುತ್ತವೆ. ಅದನ್ನು ಮಗು ದೂರ ತಳ್ಳಿದರೆ ತಪ್ಪು ಅಡುಗೆಯದು.

ಚಾಕೊಲೇಟಿನ ಆಮಿಷ ಇವತ್ತೇ ನಿಲ್ಲಲಿ. ‘ಇದು ತಿಂದರೆ ಅದು ಕೊಡ್ತೀನಿ’ ಎಂದಾಗ ಮಗುವಿಗೆ ಅರ್ಥವಾಗುವುದು ಇಷ್ಟೇ: ತರಕಾರಿ ಶಿಕ್ಷೆ, ಚಾಕೊಲೇಟ್ ಬಹುಮಾನ. ಸಿಹಿ ಕೊಡುವ ದಿನ ಸಣ್ಣ ತುಂಡನ್ನು ಷರತ್ತಿಲ್ಲದೆ ಊಟದ ಜೊತೆಗೇ ಇಡಿ. ತರಕಾರಿಯನ್ನು ರುಬ್ಬಿ ಬಚ್ಚಿಡುವುದರಿಂದ ಪೋಷಕಾಂಶವೇನೋ ಸೇರುತ್ತದೆ, ಅಭ್ಯಾಸವಾಗುವುದಿಲ್ಲ. ಗುಟ್ಟು ಬಯಲಾದರೆ ತಿನ್ನುತ್ತಿದ್ದುದನ್ನೂ ಬಿಟ್ಟಾಳು. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹಾಕಿಕೊಟ್ಟ ಪಾಲು ಇಲ್ಲಿ ಚೆನ್ನಾಗಿ ಒದಗುತ್ತದೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದ್ದು, ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎಂಬುದು ಮಗುವಿನದ್ದು. ತೂಕ ಇಳಿಯುತ್ತಿದ್ದರೆ, ನುಂಗುವಾಗ ಪದೇಪದೇ ಓಕರಿಕೆ ಬರುತ್ತಿದ್ದರೆ, ತಿನ್ನುವ ಪದಾರ್ಥಗಳ ಪಟ್ಟಿ ತಿಂಗಳು ತಿಂಗಳಿಗೂ ಕುಗ್ಗುತ್ತಿದ್ದರೆ ಮಾತ್ರ ಕಾಯಬೇಡಿ, ವೈದ್ಯರಿಗೆ ತೋರಿಸಿ.

ದೊಡ್ಡವರ ಪಾಲಿಗೂ ಒಂದಿಷ್ಟು ಕೆಲಸವಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ವಯಸ್ಕರಿಗೆ ದಿನಕ್ಕೆ ಹಣ್ಣು-ತರಕಾರಿ ಸೇರಿ ಕನಿಷ್ಠ 400 ಗ್ರಾಂ ಬೇಕು, ಉಪ್ಪು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪನ್ನು ಒಮ್ಮೆಗೇ ಅರ್ಧಕ್ಕಿಳಿಸಿದರೆ ಮೂರನೆಯ ದಿನವೇ ಮನೆಯಲ್ಲಿ ದಂಗೆ. ಅಳೆದು ಹಾಕಿ, ಎರಡು ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ತಗ್ಗಿಸಿ. ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಉಪ್ಪಿನ ಡಬ್ಬಿ ಊಟದ ಮೇಜಿನಿಂದ ಅಡುಗೆಮನೆಗೆ ಹೋಗಲಿ, ತೊಳೆದ ಹಣ್ಣಿನ ಬುಟ್ಟಿ ಆ ಜಾಗಕ್ಕೆ ಬರಲಿ.