ಸ್ನಾರ್ಕೆಲ್ ಇದ್ದರೂ ಕಾರು ತೇಲುತ್ತದೆ

ನೆರೆಗೆಂದೇ ವಾಹನ ಸಜ್ಜುಗೊಳಿಸಬೇಕೆನ್ನುವ ಉತ್ಸಾಹಿಗಳು ಮೊದಲು ಕೇಳುವುದು ಮೂರನ್ನು: ಎತ್ತರದ ಗಾಡಿ, ದಪ್ಪ ಟೈರು, ಬಾನೆಟ್ಟಿನ ಪಕ್ಕದಿಂದ ಛಾವಣಿಯವರೆಗೆ ಏರಿ ಎಂಜಿನ್ನಿಗೆ ಗಾಳಿ ತರುವ ಸ್ನಾರ್ಕೆಲ್ ಕೊಳವೆ. ಈ ಮೂರನ್ನು ನಂಬಿ ಉಕ್ಕುವ ತೋಡಿಗೆ ಗಾಡಿ ಇಳಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಬಂಪರಿಗೆ ಕಟ್ಟಿದ ನಿಂಬೆಹಣ್ಣಿನ ಮೇಲಿನ ನಂಬಿಕೆಗಿಂತ ಇದು ಹೆಚ್ಚು ಅಪಾಯಕಾರಿ. ಇಲ್ಲಿ ಮೂಢನಂಬಿಕೆ ವಿಜ್ಞಾನದ ಉಡುಪು ತೊಟ್ಟು ಬಂದಿದೆ: ಎಂಜಿನ್ ಉಸಿರಾಡುತ್ತಿದ್ದರೆ ಸಾಕು, ಗಾಡಿ ದಾಟುತ್ತದೆ ಎಂಬ ಅರ್ಧ ಸತ್ಯ.

ಆ ಅರ್ಧಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ನಾಲ್ಕು ಸಿಲಿಂಡರುಗಳ 1.5 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ತುದಿ ಮುಟ್ಟಿದಾಗ ಪ್ರತಿ ಸಿಲಿಂಡರಿನಲ್ಲೂ ಉಳಿಯುವ ಜಾಗ ಸುಮಾರು 25 ಮಿಲಿಲೀಟರ್, ಅಂದರೆ ಐದು ಚಮಚ. ಅದಕ್ಕಿಂತ ಹೆಚ್ಚು ನೀರು ಒಳಹೊಕ್ಕರೆ ಪಿಸ್ಟನ್ನಿಗೆ ಮೇಲೇರಲು ದಾರಿಯೇ ಇಲ್ಲ. ಪಿಸ್ಟನ್ನನ್ನು ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ನಾರ್ಕೆಲ್ ತಡೆಯುವುದು ಇದನ್ನು, ಇದೊಂದನ್ನೇ. ನಿಂತುಹೋದ ಕಾರನ್ನು ನೀರಿನ ನಡುವೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬಾರದು ಎನ್ನುವುದೂ ಇದೇ ಕಾರಣಕ್ಕೆ.

ಆದರೆ ಜೀವ ತೆಗೆಯುವುದು ಕೆಟ್ಟ ಎಂಜಿನ್ನಲ್ಲ, ಕೆಳಗಿನಿಂದ ಎತ್ತುವ ನೀರು. ಮಲ್ಪೆಯ ಉಕ್ಕಿನ ಮೀನುಗಾರಿಕಾ ದೋಣಿಗಳು ಯಾವ ನಿಯಮದಿಂದ ತೇಲುತ್ತವೆಯೋ ಅದೇ ನಿಯಮ, ಅಂದರೆ ಸರಿಸಿದ ನೀರಿನ ತೂಕದಷ್ಟೇ ಬಲ ಮೇಲೆತ್ತುತ್ತದೆ ಎಂಬ ಆರ್ಕಿಮಿಡೀಸನ ನಿಯಮ, ನಿಮ್ಮ ಕಾರಿಗೂ ಅನ್ವಯಿಸುತ್ತದೆ. ಬಾಗಿಲಿನ ರಬ್ಬರುಗಳು ನೀರನ್ನು ಸ್ವಲ್ಪ ಹೊತ್ತು ಹೊರಗೇ ತಡೆಯುತ್ತವೆ. ಜನ ಕೂರುವ ಭಾಗ ಮತ್ತು ಡಿಕ್ಕಿಯ ತಳ ಸೇರಿ ಸುಮಾರು 4 ಚದರ ಮೀಟರ್ ಎಂದಿಟ್ಟುಕೊಳ್ಳಿ. ನೀರು ಆ ತಳ ದಾಟಿ ಒಂದು ಸೆಂಟಿಮೀಟರ್ ಏರಿದರೆ ಸರಿಯುವ ನೀರು 40 ಲೀಟರ್. ಕಾರು ನೆಲದ ಮೇಲೆ ಊರುವ ಭಾರದಲ್ಲಿ 40 ಕಿಲೋ ಕಡಿಮೆಯಾಯಿತು. 10 ಸೆಂಟಿಮೀಟರಿಗೆ 400 ಕಿಲೋ. ಒಂದು ಟನ್ನಿನ ಸಣ್ಣ ಕಾರಿಗೆ ಇನ್ನೇನು ಉಳಿಯಿತು?

ಟೈರಿನ ಹಿಡಿತ ಹುಟ್ಟುವುದು ಈ ಭಾರದಿಂದಲೇ. ಭಾರ ಅರ್ಧಕ್ಕಿಳಿದರೆ ಬ್ರೇಕು, ಸ್ಟಿಯರಿಂಗ್ ಎರಡರ ಬಲವೂ ಅರ್ಧಕ್ಕಿಳಿಯುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ವ್ಯವಸ್ಥೆಯು ಇದ್ದ ಹಿಡಿತವನ್ನು ಹಂಚಬಲ್ಲದು, ಇಲ್ಲದ ಹಿಡಿತವನ್ನು ತರಲಾರದು. ದಪ್ಪ ಟೈರುಗಳಂತೂ ಒಳಗೆ ಹೆಚ್ಚು ಗಾಳಿ ತುಂಬಿಕೊಂಡು ಗಾಡಿಯನ್ನು ಮೇಲೆತ್ತಲು ನೀರಿಗೇ ನೆರವಾಗುತ್ತವೆ!

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನಿಜವಾದ ಕಾರುಗಳನ್ನೇ ನೀರಿಗಿಳಿಸಿ ಪರೀಕ್ಷಿಸಿದರು. 1.05 ಟನ್ನಿನ ಟೊಯೊಟಾ ಯಾರಿಸ್, ಸೆಕೆಂಡಿಗೆ ಒಂದು ಮೀಟರ್ ಹರಿಯುವ ಕೇವಲ 15 ಸೆಂಟಿಮೀಟರ್ ನೀರಿನಲ್ಲಿ ಜಾರಿತು. 60 ಸೆಂಟಿಮೀಟರಿನಲ್ಲಿ ತೇಲಿಯೇ ಹೋಯಿತು. ಎರಡೂವರೆ ಟನ್ನಿನ ನಿಸಾನ್ ಪ್ಯಾಟ್ರೋಲ್ ಎಂಬ ಭಾರಿ ಗಾಡಿಯೂ 45 ಸೆಂಟಿಮೀಟರಿನಲ್ಲಿ ಸ್ಥಿರತೆ ಕಳೆದುಕೊಂಡಿತು. ಸೆಕೆಂಡಿಗೆ ಒಂದು ಮೀಟರ್ ಎಂದರೆ ನಾವು ಬಿಡುವಾಗಿ ನಡೆಯುವ ವೇಗ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹೊಸ ಥಾರ್‌ನಂಥ ಗಾಡಿಗಳಿಗೆ ತಯಾರಕರು ಹೇಳುವ, ದಾಟಬಹುದಾದ ನೀರಿನ 650 ಮಿಲಿಮೀಟರ್ ಆಳದ ಅಂಕಿಯನ್ನು ಹರಿಯುವ ನೀರಿಗೆ ಅನ್ವಯಿಸಿಕೊಳ್ಳಬಾರದು.

ಗಾಡಿಯನ್ನು ಬೇಕೆಂದೇ ತೇಲಿಸಲು ಹೋದವರ ಕಥೆಯೂ ಇದೆ. ಎರಡನೇ ಮಹಾಯುದ್ಧದಲ್ಲಿ ಹಂಗೇರಿ ಮೂಲದ ಎಂಜಿನಿಯರ್ ನಿಕೊಲಸ್ ಸ್ಟ್ರಾಸ್ಲರ್, ಟ್ಯಾಂಕಿನ ಸುತ್ತ ಕ್ಯಾನ್‌ವಾಸ್ ಬಟ್ಟೆಯ ಗೋಡೆ ಎಬ್ಬಿಸಿದರೆ ಅದು ತೇಲುತ್ತದೆ ಎಂದು ತೋರಿಸಿದರು. 30 ಟನ್ನಿಗೂ ಮಿಕ್ಕಿದ ಷರ್ಮನ್ ಟ್ಯಾಂಕು ಬಟ್ಟೆಯ ಬಲದಿಂದ ತೇಲಿತು! ಆರ್ಕಿಮಿಡೀಸ್ ಇದ್ದಿದ್ದರೆ ಕುಣಿಯುತ್ತಿದ್ದನು. ಆದರೆ 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರದಾಚೆ ಅಮೆರಿಕದ ಒಂದು ಬೆಟಾಲಿಯನ್ ಕಡಲಿಗಿಳಿಸಿದ ಇಂಥ 29 ಟ್ಯಾಂಕುಗಳಲ್ಲಿ 27 ಮುಳುಗಿದವು. ಲೆಕ್ಕ ತಪ್ಪಿರಲಿಲ್ಲ, ಅದು ಶಾಂತ ನೀರಿನ ಲೆಕ್ಕವಾಗಿತ್ತು, ಕಡಲು ಶಾಂತವಾಗಿರಲಿಲ್ಲ.

ಹಾಗಾದರೆ ನಮ್ಮ ಕರಾವಳಿಗೆ ಎಂಥ ಗಾಡಿ ಬೇಕು? ಈ ಪ್ರಶ್ನೆಗೆ ಮೊದಲು ನೆಲ ನೋಡಿ ಉತ್ತರಿಸಬೇಕು. ಇಲ್ಲಿ ಕೆಳಗೆ ಗದ್ದೆಯ ಬೈಲು, ಮೇಲೆ ಮುರಕಲ್ಲಿನ ಪದವು, ಅಂದರೆ ಸಮತಟ್ಟಾದ ಗುಡ್ಡದ ನೆತ್ತಿ. 1923 ಮತ್ತು 1974ರ ನೇತ್ರಾವತಿ ನೆರೆಗಳನ್ನು ಬಂಟ್ವಾಳ, ಪಾಣೆಮಂಗಳೂರಿನ ಜನ ಇಂದಿಗೂ ಮರೆತಿಲ್ಲ. 2018ರ ಮೇ 29ರಂದು ಮಂಗಳೂರಿನ ಕೊಟ್ಟಾರ ಚೌಕಿ, 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ಕಲ್ಸಂಕ ಮುಳುಗಿದಾಗಲೂ ನೀರು ಹುಡುಕಿದ್ದು ತಗ್ಗನ್ನೇ. ಬಹಳಷ್ಟು ಕಡೆ ಬೈಲಿನಿಂದ ಗಟ್ಟಿ ಎತ್ತರಕ್ಕೆ ಒಂದೆರಡು ಕಿಲೋಮೀಟರ್ ದೂರವೂ ಇರುವುದಿಲ್ಲ. ಘಟ್ಟ ಹತ್ತಿ ಪಾರಾಗುವ ಯೋಜನೆಯನ್ನಂತೂ ಕೈಬಿಡಿ: 2018ರ ಆಗಸ್ಟಿನಲ್ಲಿ ಶಿರಾಡಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಭೂಕುಸಿತದಿಂದ ಬಂದ್ ಆದವು. ಆದ್ದರಿಂದ ಇಲ್ಲಿ ಒಳ್ಳೆಯ ಗಾಡಿ ಎಂದರೆ ಮನೆಯ ಅಜ್ಜಿಯನ್ನೂ ಮಕ್ಕಳನ್ನೂ ಒಂದೇ ಸಲಕ್ಕೆ ಕೂರಿಸಿಕೊಂಡು, ತೋಡು ಉಕ್ಕುವ ಮೊದಲೇ ಪದವು ಹತ್ತಿ ನಿಲ್ಲುವ ಗಾಡಿ. ಹಳೆಯ ಓಮ್ನಿ ಆದರೂ ಸಾಕು. ಮಳೆಗಾಲದಲ್ಲಿ ಇಂಧನದ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗಿಳಿಸಬೇಡಿ. ರಾತ್ರಿ ಗಾಡಿಯ ಮುಖ ರಸ್ತೆಯ ಕಡೆಗಿರಲಿ.

ಮಾರ್ಪಾಡುಗಳ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ತಯಾರಕರು ಕೊಟ್ಟು ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಎತ್ತರಿಸಿದ ಗಾಡಿ ಸುಲಭವಾಗಿ ಮಗುಚುತ್ತದೆ ಎನ್ನುವುದು ಇನ್ನೊಂದು ತೊಂದರೆ. ನಾನು ಸಲಹೆ ಮಾಡುವ ಸೇರ್ಪಡೆ ಒಂದೇ: ಚಾಲಕರ ಕೈಗೆ ಎಟಕುವಲ್ಲಿ ಭದ್ರಪಡಿಸಿದ, ಗಾಜು ಒಡೆಯುವ ಚೂಪು ಮೊನೆಯ ಸುತ್ತಿಗೆ.

2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಹಲವರು ಮುಚ್ಚಿದ ಕಾರುಗಳೊಳಗೇ ಸತ್ತರು. ಒಂದು ಮೀಟರ್ ಅಗಲದ ಬಾಗಿಲಿಗೆ ಹೊರಗಿನಿಂದ 60 ಸೆಂಟಿಮೀಟರ್ ನೀರು ಒತ್ತಿ ನಿಂತರೆ ಅದರ ಬಲ ಸುಮಾರು 180 ಕಿಲೋ ಭಾರಕ್ಕೆ ಸಮ. ಒಳಗಿನಿಂದ ತಳ್ಳಿ ತೆರೆಯುವುದು ಅಸಾಧ್ಯವೆಂದೇ ತಿಳಿಯಿರಿ. ಆದ್ದರಿಂದ ಕಾರು ತೇಲಿತೆಂದು ಗೊತ್ತಾದ ಕ್ಷಣವೇ, ವಿದ್ಯುತ್ ಕೈಕೊಡುವ ಮೊದಲು, ಕಿಟಕಿಯ ಗಾಜು ಇಳಿಸಬೇಕು. ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಸುತ್ತಿಗೆಯಿಂದ ಹೊಡೆಯಿರಿ. ಮುಂಗಾಜಿಗೆ ಹೊಡೆದು ಪ್ರಯೋಜನವಿಲ್ಲ, ಅದರ ಎರಡು ಪದರಗಳ ನಡುವಿನ ಪ್ಲಾಸ್ಟಿಕ್ ಹಾಳೆ ಬಿರುಕು ಬಿಟ್ಟ ಗಾಜನ್ನೂ ಹಿಡಿದಿಡುತ್ತದೆ. ಬೆಲ್ಟ್ ಬಿಚ್ಚಿ, ಮಕ್ಕಳನ್ನು ಮೊದಲು ಕಿಟಕಿಯಿಂದ ಹೊರಗೆ ಕಳಿಸಿ, ನೀವೂ ಹೊರಬನ್ನಿ. 112ಕ್ಕೆ ಕರೆ ಮಾಡುವುದು ಅದಾದ ಮೇಲೆ.